ಅಮೆರಿಕದ ಯುದ್ಧ, ಹಳಿಯಾಳದ ದಾರಿ

ಧಾರವಾಡ ಜಿಲ್ಲೆಯ ಅಳ್ನಾವರದಲ್ಲಿ ಕವಲೊಡೆಯುವ ರೈಲುಹಳಿ ಕಾಡನ್ನು ಹೊಕ್ಕು ದಾಂಡೇಲಿಯ ಅಂಬೇವಾಡಿಗೆ ಬಂದು ಮುಗಿದುಬಿಡುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಹಳಿ ಹಾಕಿದ್ದು ಜನರಿಗಾಗಿ ಅಲ್ಲ, ಮರಕ್ಕಾಗಿ. ಬಹಳ ವರ್ಷ ನಿಂತುಹೋಗಿದ್ದ ಪ್ರಯಾಣಿಕರ ರೈಲು 2019ರ ನವೆಂಬರಿನಲ್ಲಿ ಮತ್ತೆ ಅಂಬೇವಾಡಿಗೆ ಬಂದಾಗ ಊರಿಗೆ ಊರೇ ಸಂಭ್ರಮಿಸಿತ್ತು. ಆದರೆ ಅಂಬೇವಾಡಿಯಿಂದ ಮುಂದಕ್ಕೆ ಹಳಿ ಇಲ್ಲ. ಮುಂದಿರುವುದು ಜೋಯಿಡಾದ ಕಾಡು, ಕಾಡಿನಾಚೆ ಘಟ್ಟ, ಘಟ್ಟದ ಬುಡದಲ್ಲಿ ಕಾರವಾರದ ಕಡಲು.

ಬಯಲುಸೀಮೆಯ ಸರಕನ್ನು ಈ ಕಾಡು ದಾಟಿಸಿ ಕಡಲಿಗೆ ಮುಟ್ಟಿಸಬೇಕೆಂಬ ಆಸೆ ಮಾತ್ರ ಬಹಳ ಹಳೆಯದು. ಅದು ಹಠವಾಗಿ ಬದಲಾದದ್ದು 1860ರ ದಶಕದ ಮೊದಲ ವರ್ಷಗಳಲ್ಲಿ. ಆ ಹಠಕ್ಕೆ ಕಾರಣ ಧಾರವಾಡದಲ್ಲಿಯೂ ಇರಲಿಲ್ಲ, ಕಾರವಾರದಲ್ಲಿಯೂ ಇರಲಿಲ್ಲ. ಸಾವಿರಾರು ಮೈಲಿಯಾಚೆ ಅಮೆರಿಕದಲ್ಲಿ ಅಣ್ಣತಮ್ಮಂದಿರೇ ಕೋವಿ ಹಿಡಿದು ಎದುರುಬದುರು ನಿಂತಿದ್ದರು. ಅಲ್ಲಿಯ ಒಂದೊಂದು ಕದನ ಮುಗಿದಾಗಲೂ ಇಲ್ಲಿ ಅರಳೆಯ ಬೆಲೆ ಏರುತ್ತಿತ್ತು ಇಲ್ಲವೇ ಇಳಿಯುತ್ತಿತ್ತು. ಗುಲಾಮಗಿರಿಯ ಸಲುವಾಗಿ ನಡೆದ ಆ ಯುದ್ಧ, ಗುಲಾಮರ ಮೊಮ್ಮಕ್ಕಳೇ ಬದುಕುತ್ತಿದ್ದ ಹಳಿಯಾಳ ಯಲ್ಲಾಪುರದ ಕಾಡಿನ ಅಂಚಿನಲ್ಲಿ ದಾರಿ ಮಾಡಿಸಿತು. ಆದರೆ ಆ ಮೊಮ್ಮಕ್ಕಳ ಬದುಕನ್ನು ಮಾತ್ರ ಅದು ಮುಟ್ಟಲಿಲ್ಲ.

ಹತ್ತಿಯೇ ದೊರೆ

1860ರ ಹೊತ್ತಿಗೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಸುಮಾರು 40 ಲಕ್ಷ ಕಪ್ಪು ಜನ ಗುಲಾಮರಾಗಿದ್ದರು. ಅವರಲ್ಲಿ ಬಹಳ ಮಂದಿ ಬೆವರು ಸುರಿಸುತ್ತಿದ್ದುದು ಹತ್ತಿಯ ಹೊಲದಲ್ಲಿ. 1793ರಲ್ಲಿ ಎಲಿ ವಿಟ್ನಿ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಯಂತ್ರವನ್ನು ರೂಪಿಸಿದ. ಯಂತ್ರ ಬಂದರೆ ಆಳಿನ ಹೊರೆ ಕಡಿಮೆಯಾಗಬೇಕು. ಇಲ್ಲಿ ಆದದ್ದು ತಿರುವುಮುರುವು. ಬೀಜ ಬೇರ್ಪಡಿಸುವ ಕೆಲಸ ಸುಲಭವಾದದ್ದೇ ಬಿತ್ತನೆ ಹೆಚ್ಚಿತು. ಬಿತ್ತನೆ ಹೆಚ್ಚಿದಂತೆ ಗುಲಾಮರ ಬೇಡಿಕೆಯೂ ಹೆಚ್ಚಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಮಿಗಿಲಾಗಿ ಬರುತ್ತಿದ್ದುದು ಈ ಹೊಲಗಳಿಂದಲೇ.

1860ರ ನವೆಂಬರಿನಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷನಾಗಿ ಆಯ್ಕೆಯಾದ. ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹಬ್ಬಕೂಡದು ಎಂಬುದು ಅವನ ಪಕ್ಷದ ನಿಲುವು. ಅಷ್ಟಕ್ಕೇ ದಕ್ಷಿಣ ಕೆರಳಿತು. ಡಿಸೆಂಬರಿನಲ್ಲಿ ಸೌತ್ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಒಂದರ ಹಿಂದೆ ಒಂದರಂತೆ ಒಟ್ಟು 11 ರಾಜ್ಯಗಳು ಪ್ರತ್ಯೇಕವಾಗಿ ತಮ್ಮದೇ ಸರ್ಕಾರ ಕಟ್ಟಿಕೊಂಡವು. ರಾಜ್ಯಗಳ ಹಕ್ಕಿಗಾಗಿ ಹೊರಬಂದೆವೆಂದು ಅನಂತರದ ದಿನಗಳಲ್ಲಿ ಅವರು ಹೇಳಿಕೊಂಡರೂ, ಮಿಸಿಸಿಪ್ಪಿ ಮುಂತಾದ ರಾಜ್ಯಗಳ ಘೋಷಣೆಗಳನ್ನು ಓದಿದರೆ ಕಾರಣ ಸ್ಪಷ್ಟವಾಗಿಯೇ ಇದೆ. ಅದು ಗುಲಾಮಗಿರಿ.

1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಇದು ಮೊದಲ ತಿರುವು. ಒಂದೇ ವಾರದಲ್ಲಿ ಲಿಂಕನ್ ದಕ್ಷಿಣದ ಬಂದರುಗಳಿಗೆ ಹಡಗಿನ ದಿಗ್ಬಂಧನ ಸಾರಿದ. ದಕ್ಷಿಣದವರು ಇದಕ್ಕೆ ಹೆದರಲಿಲ್ಲ. ತಾವಾಗಿಯೇ ಹತ್ತಿ ಕಳಿಸುವುದನ್ನು ಬಿಗಿಹಿಡಿದರು. ಹತ್ತಿಯೇ ದೊರೆ ಎಂಬುದು ಅವರ ನಂಬಿಕೆ. ಹತ್ತಿ ಇಲ್ಲದೆ ಗಿರಣಿ ನಿಲ್ಲುತ್ತದೆ, ಗಿರಣಿ ನಿಂತರೆ ಇಂಗ್ಲೆಂಡ್ ತಮ್ಮ ಕಾಲಿಗೆ ಬೀಳುತ್ತದೆ, ತಮ್ಮನ್ನು ಪ್ರತ್ಯೇಕ ದೇಶವೆಂದು ಒಪ್ಪುತ್ತದೆ ಎಂದು ಲೆಕ್ಕ ಹಾಕಿದರು.

ಲೆಕ್ಕದಲ್ಲಿ ಅರ್ಧ ಸರಿ ಇತ್ತು. 1862ರ ಚಳಿಗಾಲದಲ್ಲಿ ಲ್ಯಾಂಕಾಶೈರಿನಲ್ಲಿ ಸುಮಾರು 5 ಲಕ್ಷ ಜನ ಗಂಜಿ ಕೇಂದ್ರ, ದಾನಧರ್ಮಗಳನ್ನು ನಂಬಿ ದಿನ ದೂಡಿದರು. ಆದರೆ ದಕ್ಷಿಣದವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟ ಒಂದು ಸಂಗತಿ ಇತ್ತು. ಅದು ಹಿಂದೂಸ್ಥಾನದ ಎರೆ ಹೊಲ.

ಕುಮಟಾದಲ್ಲಿ ಬೆಳೆಯದ ಕುಮಟಾ ಹತ್ತಿ

ಧಾರವಾಡದ ಎರೆ ಭೂಮಿಗೆ ಅಮೆರಿಕದ ಹತ್ತಿ ಹೊಸದಾಗಿರಲಿಲ್ಲ. 1840ರ ದಶಕದಲ್ಲಿಯೇ ಕಂಪನಿ ಸರ್ಕಾರ ಅಮೆರಿಕದಿಂದ ಬೇಸಾಯ ಬಲ್ಲವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಬೇರೆ ಬೇರೆ ಕಡೆ ಬಿತ್ತಿಸಿ ನೋಡಿತ್ತು. ಬಹಳ ಕಡೆ ಪ್ರಯೋಗ ಕೆಟ್ಟಿತು, ಧಾರವಾಡದಲ್ಲಿ ಮಾತ್ರ ಬೆಳೆ ಕೈಹಿಡಿಯಿತು. ಎಳೆ ಉದ್ದವಿದ್ದ ಆ ಹತ್ತಿಗೆ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. ಅದರ ಬೆನ್ನಿಗೆ ಜಿನ್ ಯಂತ್ರವೂ ಬಂತು. ಅಲ್ಲಿ ಗುಲಾಮಗಿರಿಯನ್ನು ಬೆಳೆಸಿದ ಯಂತ್ರ, ಇಲ್ಲಿ ಧಾರವಾಡದ ಸಾಹುಕಾರರ ಅಂಗಳದಲ್ಲಿ ತಿರುಗತೊಡಗಿತು.

ಬೆಳೆದ ಹತ್ತಿ ಕಡಲಿಗೆ ಹೋಗುವುದು ಹೇಗೆ? ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ದೋಣಿಯಲ್ಲಿ ಮುಂಬಯಿಗೆ. ಹೀಗಾಗಿಯೇ ಧಾರವಾಡ ಸೀಮೆಯ ನಾಟಿ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ 'ಕುಮಟಾ' ಎಂದೇ ಹೆಸರು. ಕುಮಟಾದಲ್ಲಿ ಒಂದು ಹತ್ತಿ ಗಿಡ ಬೆಳೆಯದಿದ್ದರೂ ಲಿವರ್‌ಪೂಲಿನ ದಲಾಲಿಗಳಿಗೆ ಆ ಊರಿನ ಹೆಸರು ಬಾಯಿಪಾಠವಾಗಿತ್ತು!

ಆದರೆ ಕುಮಟಾ ತೆರೆದ ಬಂದರು. ಮಳೆಗಾಲ ಹಿಡಿಯಿತೆಂದರೆ ಅಲ್ಲಿ ಹಡಗು ನಿಲ್ಲುವಂತಿಲ್ಲ. ಘಟ್ಟ ಇಳಿಯುವಾಗ ಮಳೆಗೆ ಸಿಕ್ಕ ಹತ್ತಿ ಕೊಳೆಯುತ್ತಿತ್ತು. ಕಾಳಿ ನದಿ ಕಡಲು ಸೇರುವಲ್ಲಿರುವ ಕಾರವಾರಕ್ಕೆ ಗುಡ್ಡಗಳ, ನಡುಗಡ್ಡೆಗಳ ಮರೆ ಇದೆ. ಅಂದಿನ ಇಂಗ್ಲಿಷ್ ಕಾಗದಪತ್ರಗಳು ಈ ಬಂದರನ್ನು ಹೆಚ್ಚಾಗಿ ಕರೆಯುವುದು ನದಿಯಾಚೆಯ ಸದಾಶಿವಗಡದ ಹೆಸರಿನಿಂದ. ಅಲ್ಲಿಂದ ಧಾರವಾಡಕ್ಕೆ ಗಾಡಿ ಓಡುವ ದಾರಿಯೊಂದಾದರೆ ಹತ್ತಿ ನೇರವಾಗಿ ಹಡಗು ಹತ್ತಬಹುದು ಎಂದು ವರ್ತಕರು ಮೊದಲಿನಿಂದಲೂ ಹೇಳುತ್ತಲೇ ಇದ್ದರು.

ತೊಡಕು ಇದ್ದದ್ದು ಆಡಳಿತದಲ್ಲಿ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಹತ್ತಿ ಸಾಗಬೇಕಾದ ಘಟ್ಟ ಮತ್ತು ಬಂದರು ಮದರಾಸು ಪ್ರಾಂತ್ಯದಲ್ಲಿದ್ದವು. ಮುಂಬಯಿಯ ಹತ್ತಿಗಾಗಿ ಮದರಾಸಿನವರು ಬೊಕ್ಕಸದ ಹಣ ಸುರಿದು ಘಟ್ಟ ಕಡಿಯುವರೇ? ಕೆಲಸ ಕುಂಟುತ್ತಿತ್ತು. ಅಮೆರಿಕದ ಬಂದರುಗಳು ಮುಚ್ಚಿದ್ದೇ ತಡ, ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಕೂಗು ಲಂಡನ್ ಮುಟ್ಟಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾಯಿತು.

ಒಂದು ದೇಶ ಎರಡಾಗಬಾರದೆಂದು ಲಿಂಕನ್ ಯುದ್ಧ ಹೂಡಿದ್ದ. ಅದೇ ಯುದ್ಧದ ಬಿಸಿಯಲ್ಲಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಬೇರೆ ಬೇರೆ ಪ್ರಾಂತ್ಯಗಳ ಪಾಲಾದವು. 1956ರ ನವೆಂಬರ್ 1ರಂದು ರಾಜ್ಯ ಒಂದಾಗುವವರೆಗೆ ಅವು ಮತ್ತೆ ಕೂಡಲಿಲ್ಲ. ಹಳಿಯಾಳ, ಸೂಪಾ, ಮುಂಡಗೋಡದ ಜನ ಒಂದು ತಲೆಮಾರಿನಲ್ಲಿ ಮದರಾಸಿನ ಕಡೆ ನೋಡಿದವರು, ಮುಂದಿನ ತಲೆಮಾರುಗಳಲ್ಲಿ ಧಾರವಾಡ, ಬೆಳಗಾವಿ, ಮುಂಬಯಿಗಳ ಕಡೆ ಮುಖ ಮಾಡಿದರು.

ಕದನ ಅಲ್ಲಿ, ಧಾರಣೆ ಇಲ್ಲಿ

ಎರಡನೆಯ ತಿರುವು 1862ರ ಸೆಪ್ಟೆಂಬರ್ 17ರಂದು ಬಂತು. ಆಂಟಿಟಂ ಎಂಬ ಹಳ್ಳದ ದಂಡೆಯಲ್ಲಿ ಒಂದೇ ದಿನ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 23,000 ಮಂದಿಯ ಹತ್ತಿರ ಆದರು. ಇದು ಪೂರ್ಣ ಗೆಲುವೇನೂ ಆಗಿರಲಿಲ್ಲ. ದಕ್ಷಿಣದ ದಂಡನಾಯಕ ರಾಬರ್ಟ್ ಲೀ ಹಿಂದೆ ಸರಿದ, ಅಷ್ಟೇ. ಆದರೆ ಲಿಂಕನ್ ಕಾಯುತ್ತಿದ್ದುದೇ ಅಷ್ಟಕ್ಕೆ. ಐದೇ ದಿನಗಳಲ್ಲಿ, ಬಂಡೆದ್ದ ರಾಜ್ಯಗಳ ಗುಲಾಮರು 1863ರ ಜನವರಿ 1ರಿಂದ ಸ್ವತಂತ್ರರು ಎಂದು ಮುನ್ಸೂಚನೆ ಕೊಟ್ಟ. ತನ್ನ ಪಕ್ಷದಲ್ಲೇ ಉಳಿದಿದ್ದ ಕೆಂಟಕಿ, ಮೇರಿಲ್ಯಾಂಡ್‌ಗಳ ಗುಲಾಮರಿಗೆ ಈ ಮಾತು ಅನ್ವಯಿಸಲಿಲ್ಲ. ಹಾಗಿದ್ದರೂ ಯುದ್ಧದ ಅರ್ಥವೇ ಬದಲಾಯಿತು. ಒಕ್ಕೂಟ ಉಳಿಸಲು ಹೊರಟ ಯುದ್ಧ ಮನುಷ್ಯರನ್ನು ಬಿಡಿಸುವ ಯುದ್ಧವಾಯಿತು. ದಕ್ಷಿಣವನ್ನು ಒಪ್ಪಿಕೊಳ್ಳುವ ಬಗ್ಗೆ ಯೋಚಿಸುತ್ತಿದ್ದ ಇಂಗ್ಲೆಂಡ್ ಕೈ ಹಿಂದೆಗೆಯಿತು. ಆ ವರ್ಷದ ಕೊನೆಯ ದಿನ ಮ್ಯಾಂಚೆಸ್ಟರಿನ ಗಿರಣಿ ಕೆಲಸಗಾರರು ಸಭೆ ಸೇರಿ, ಹೊಟ್ಟೆಗಿಲ್ಲದಿದ್ದರೂ ತಮ್ಮ ಬೆಂಬಲ ಗುಲಾಮರ ಬಿಡುಗಡೆಗೇ ಎಂದು ಲಿಂಕನ್‌ಗೆ ಪತ್ರ ಬರೆದರು. ಅವನು ಮರುತಿಂಗಳು ಉತ್ತರ ಬರೆದ.

ಇಂಗ್ಲೆಂಡಿಗೆ ಆ ಧೈರ್ಯ ಬರಲು ಹಿಂದೂಸ್ಥಾನದ ಹತ್ತಿಯೂ ಒಂದು ಕಾರಣ. 1860ರಲ್ಲಿ ಬ್ರಿಟನ್ ತರಿಸಿದ ಹತ್ತಿಯಲ್ಲಿ ನಮ್ಮ ಪಾಲು ಆರರಲ್ಲೊಂದರಷ್ಟು. 1862ರಲ್ಲಿ ಅದು ಮುಕ್ಕಾಲು ಪಾಲಾಯಿತು. ಎಳೆ ಗಿಡ್ಡ, ಕಸ ಹೆಚ್ಚು ಎಂದು ನೇಕಾರರು ಬೈದುಕೊಂಡೇ ಅದನ್ನು ನೂಲಿಸಿದರು. ಹತ್ತಿಯೇ ದೊರೆ ಎಂದವರ ಸಿಂಹಾಸನ ಅಲುಗಿದ್ದು ಧಾರವಾಡ, ವರ್ಹಾಡ, ಗುಜರಾತದ ಹೊಲಗಳಿಂದ.

1863ರ ಜುಲೈ ಮೂರನೆಯ ತಿರುವು. ಮೊದಲ ಮೂರು ದಿನ ಗೆಟಿಸ್‌ಬರ್ಗಿನಲ್ಲಿ ಲೀ ಸೋತ. ನಾಲ್ಕನೆಯ ದಿನ ಮಿಸಿಸಿಪ್ಪಿ ನದಿಯ ಮೇಲಣ ವಿಕ್ಸ್‌ಬರ್ಗ್ ಕೋಟೆ ದಂಡನಾಯಕ ಗ್ರಾಂಟನ ಕೈಸೇರಿತು. ದಕ್ಷಿಣದ ನಾಡು ನಡುವೆ ಸೀಳಿಹೋಯಿತು. ಆದರೂ ಯುದ್ಧ ಮುಗಿಯಲಿಲ್ಲ. ಹತ್ತಿಯ ಬೆಲೆ ಇನ್ನೂ ಏರಿತು. ಯುದ್ಧಕ್ಕೆ ಮೊದಲಿದ್ದುದರ ಮೂರು ನಾಲ್ಕು ಪಟ್ಟಿಗೆ ಮುಟ್ಟಿದ್ದು 1864ರಲ್ಲಿ.

ಬೆಲೆ ಏರಿದಾಗ ಏನೇನಾಗಬೇಕೋ ಎಲ್ಲವೂ ಆಯಿತು. ಜೋಳ ಬಿತ್ತುವ ಹೊಲಕ್ಕೂ ಹತ್ತಿ ಬಂತು. ತೂಕ ಹೆಚ್ಚಲೆಂದು ಅರಳೆಗೆ ಬೀಜ ಸೇರಿಸಿದರು, ಧೂಳು ಸೇರಿಸಿದರು, ನೀರು ಚಿಮುಕಿಸಿದರು. ಒಳ್ಳೆಯ ಧಾರವಾಡ ಅಮೆರಿಕನ್ ಅರಳೆಯೊಳಗೆ ಕೀಳು ಹತ್ತಿ ಬೆರೆಸಿದರು. ಇದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸದ ಕಾಯ್ದೆ ತಂದಿತು. ರೈತನ ಕೈಗೆ ಹಿಂದೆ ಕಾಣದ ಹಣ ಬಂದದ್ದು ನಿಜ. ಆದರೆ ಅದು ಬಂದದ್ದು ಮುಂಗಡ ಕೊಟ್ಟ ಸಾಹುಕಾರನ ಕೈ ದಾಟಿಕೊಂಡು.

ಘಟ್ಟದಲ್ಲಿ ಕೆಲಸ ನಡೆದಿತ್ತು. ಕೈಗಾ ಘಟ್ಟ, ಅರಬೈಲು ಘಟ್ಟಗಳನ್ನು ಕಡಿದು ದಾರಿ ಮಾಡಿಸುವ ಕೂಲಿಗಳು ಮಲೇರಿಯಾ ಜ್ವರದಲ್ಲಿ ನಡುಗುತ್ತಲೇ ಗುದ್ದಲಿ ಹಿಡಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದೊಂದು ಹುಟ್ಟಿಕೊಂಡು ಯಂತ್ರ, ಪ್ರೆಸ್‌ಗಳನ್ನು ಹಡಗಿನಲ್ಲಿ ಸದಾಶಿವಗಡಕ್ಕೆ ಕಳಿಸಿತು. ಯಂತ್ರ ಬಂದು ಇಳಿಯಿತು, ದಾರಿ ಇನ್ನೂ ಮುಗಿದಿರಲಿಲ್ಲ! ಯುದ್ಧ ಮುಗಿಯುವ ಮೊದಲೇ ಆ ಕಂಪನಿ ಬಾಗಿಲು ಹಾಕುವ ಹಂತಕ್ಕೆ ಬಂತು.

ನಾಲ್ಕನೆಯ ತಿರುವು 1864ರ ಸೆಪ್ಟೆಂಬರಿನದು. ಯುದ್ಧದಿಂದ ಬೇಸತ್ತಿದ್ದ ಜನ ಆ ವರ್ಷದ ಚುನಾವಣೆಯಲ್ಲಿ ಲಿಂಕನ್‌ನನ್ನು ಸೋಲಿಸುವುದು ಖಂಡಿತ ಎಂಬ ಮಾತು ಹಬ್ಬಿತ್ತು. ಅಷ್ಟರಲ್ಲಿ ದಂಡನಾಯಕ ಶರ್ಮನ್ ಅಟ್ಲಾಂಟಾ ನಗರ ಹಿಡಿದ. ನವೆಂಬರಿನಲ್ಲಿ ಲಿಂಕನ್ ಗೆದ್ದ. ಶಾಂತಿಯ ಗಾಳಿಸುದ್ದಿ ಬಂದಾಗಲೆಲ್ಲ ಲಿವರ್‌ಪೂಲಿನಲ್ಲಿ ಹತ್ತಿ ಬಿದ್ದಿತು, ಅದರ ಹಿಂದೆ ಮುಂಬಯಿಯ ಎದೆ ನಡುಗಿತು. ಮನುಷ್ಯರು ಸಾಯುವುದು ನಿಂತರೆ ತಮ್ಮ ಗಂಟು ಮುಳುಗುತ್ತದೆಂದು ಹೆದರುವ ಪೇಟೆ ಅದಾಗಿತ್ತು.

1865ರ ಏಪ್ರಿಲ್ 9ರಂದು ಲೀ ಶರಣಾದ. ಐದು ದಿನಗಳ ಬಳಿಕ ಲಿಂಕನ್‌ಗೆ ಗುಂಡು ಬಿತ್ತು, ಮರುದಿನ ಬೆಳಗ್ಗೆ ಅವನು ತೀರಿಕೊಂಡ. ಎರಡೂ ಕಡೆ ಸೇರಿ ಸತ್ತವರು 6 ಲಕ್ಷಕ್ಕೂ ಮಿಕ್ಕು. ಮುಂಬಯಿಯಲ್ಲಿ ಸಾಲಸಾಲಾಗಿ ಕಂಪನಿಗಳು ದಿವಾಳಿ ಎದ್ದವು. ಬ್ಯಾಕ್ ಬೇ ಕಡಲು ತುಂಬಿಸುವ ಕಂಪನಿಯ ಷೇರು ಕಾಗದದ ಬೆಲೆಗೆ ಇಳಿಯಿತು. ಪೇಟೆಯ ರಾಜನೆನಿಸಿದ್ದ ಪ್ರೇಮಚಂದ ರಾಯಚಂದನೇ ನೆಲಕಚ್ಚಿದ. ಅವನು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಎದ್ದ ರಾಜಾಬಾಯಿ ಗೋಪುರವನ್ನು ಮುಂಬಯಿಗೆ ಹೋದ ಕನ್ನಡಿಗರು ಈಗಲೂ ಕತ್ತೆತ್ತಿ ನೋಡುತ್ತಾರೆ. ಧಾರವಾಡದ ರೈತನಿಗೆ ಗೋಪುರವಿಲ್ಲ. ಬೆಲೆ ಇಳಿದ ಮೇಲೂ ಇಳಿಯದೆ ಉಳಿದದ್ದು ಸಾಲದ ಪತ್ರ. ಹನ್ನೊಂದು ವರ್ಷಗಳ ಬಳಿಕ 1876ರ ಬರ ಬಂದಾಗ ಅವನ ಕಣಜದಲ್ಲಿ ಕಾಳಿರಲಿಲ್ಲ.

ಕಾರವಾರದ ಕನಸೂ ಕರಗಿತು. 1880ರ ದಶಕದಲ್ಲಿ ರೈಲು ಬಂದಾಗ ಅದು ಬಯಲುಸೀಮೆಯ ಸರಕನ್ನು ಪೋರ್ಚುಗೀಸರ ಗೋವೆಯ ಮರ್ಮಗೋವಾ ಬಂದರಿಗೆ ಕೊಂಡೊಯ್ದಿತು. ಕಾರವಾರ ರೈಲು ಕಂಡದ್ದು 1990ರ ದಶಕದಲ್ಲಿ, ಅದೂ ಕರಾವಳಿಯುದ್ದ ಓಡುವ ಕೊಂಕಣ ರೈಲು.

ಕಾಡಿನೊಳಗಿನ ಸಿದ್ದಿಗಳು

ಇಷ್ಟೆಲ್ಲ ನಡೆಯುವಾಗ ಹಳಿಯಾಳ, ಯಲ್ಲಾಪುರ, ಸೂಪಾ, ಮುಂಡಗೋಡದ ಕಾಡಿನ ಅಂಚಿನಲ್ಲಿ ಸಿದ್ದಿಗಳು ಇದ್ದರು. ಇವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರು ಹಿಂದೂಗಳಾದರು, ಮುಸಲ್ಮಾನರಾದರು, ಕ್ರೈಸ್ತರಾದರು. ಕೊಂಕಣಿ, ಕನ್ನಡ, ಮರಾಠಿ ಬೆರೆತ ಮಾತು ಕಲಿತರು. ದಮಾಮಿ ಬಾರಿಸುವಾಗಿನ ಕುಣಿತದಲ್ಲಷ್ಟೇ ಆಫ್ರಿಕ ಉಳಿಯಿತು.

ಅವರು ತೆಪ್ಪಗೆ ಕುಳಿತ ಜನವೂ ಅಲ್ಲ. ಅಮೆರಿಕದ ಯುದ್ಧಕ್ಕೆ ಎರಡೇ ವರ್ಷ ಮೊದಲು, 1858-59ರಲ್ಲಿ ಸೂಪಾ ಸೀಮೆಯ ಕಾಡಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವರ ಮುಂದಾಳುಗಳಲ್ಲಿ ಸಿದ್ದಿ ಬಸ್ತಿಯಾನ ಎಂಬಾತನ ಹೆಸರು ಸರ್ಕಾರಿ ದಾಖಲೆಗಳಲ್ಲೇ ಇದೆ.

ಕಾನೂನಿನ ಪುಸ್ತಕ ನೋಡಿದರೆ ಬ್ರಿಟಿಷ್ ಇಂಡಿಯಾ ಅಮೆರಿಕಕ್ಕಿಂತ ಮುಂದಿತ್ತು. 1843ರ ಕಾಯ್ದೆ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ತೆಗೆದುಹಾಕಿತು. 1862ರ ಜನವರಿ 1ರಿಂದ ಜಾರಿಗೆ ಬಂದ ದಂಡಸಂಹಿತೆ ಮನುಷ್ಯನನ್ನು ಗುಲಾಮನನ್ನಾಗಿ ಕೊಳ್ಳುವುದು, ಮಾರುವುದು ಅಪರಾಧವೆಂದಿತು. ಅಂದರೆ ಲಿಂಕನ್‌ನ ಘೋಷಣೆಗೆ ಸರಿಯಾಗಿ ಒಂದು ವರ್ಷ ಮೊದಲು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮ ಎಂಬ ಸ್ಥಾನಮಾನವನ್ನು ರದ್ದು ಮಾಡಿದ್ದು 1869ರಲ್ಲಿ. ಅಮೆರಿಕದ ಸಂವಿಧಾನದ 13ನೆಯ ತಿದ್ದುಪಡಿ 1865ರ ಡಿಸೆಂಬರಿನದು. ಎಲ್ಲ ತಾರೀಖುಗಳೂ ಒಂದರ ಬೆನ್ನಿಗೊಂದು ಇವೆ.

ಆದರೆ ಕಾನೂನು ಕೊಡದ ಒಂದು ವಸ್ತುವಿತ್ತು, ಅದು ನೆಲ. ಅಮೆರಿಕದಲ್ಲಿ ಅದು ಕೈಗೆ ಬಂದು ಜಾರಿತು. 1865ರ ಜನವರಿಯಲ್ಲಿ ಶರ್ಮನ್, ಕರಾವಳಿಯ ಹೊಲಗಳನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಯವರೆಗೆ ಹಂಚುವ ಆಜ್ಞೆ ಹೊರಡಿಸಿದ್ದ. ಲಿಂಕನ್‌ನ ನಂತರ ಬಂದ ಆಂಡ್ರೂ ಜಾನ್ಸನ್ ಅದೇ ವರ್ಷ ಆ ನೆಲವನ್ನು ಹಳೆಯ ಒಡೆಯರಿಗೇ ಮರಳಿಸಿದ. ಯುದ್ಧದಲ್ಲಿ ಉತ್ತರದ ಪರ ಹೋರಾಡಿದ ಕಪ್ಪು ಸೈನಿಕರು 1 ಲಕ್ಷ 80 ಸಾವಿರದಷ್ಟು. ಅವರು ಊರಿಗೆ ಮರಳಿದಾಗ ಕಾದಿದ್ದುದು ಅದೇ ಹತ್ತಿ ಹೊಲ, ಅದೇ ಒಡೆಯ. ಬದಲಾದದ್ದೆಂದರೆ ಸರಪಳಿಯ ಜಾಗಕ್ಕೆ ಪಾಲಿನ ಬೇಸಾಯ ಮತ್ತು ಅಂಗಡಿಯ ಸಾಲದ ಪುಸ್ತಕ ಬಂದವು. ಮತದ ಹಕ್ಕು ನಿಜವಾಗಿ ಕೈಗೆ ಬರಲು 1965ರ ಕಾಯ್ದೆಯವರೆಗೆ, ಅಂದರೆ ಸರಿಯಾಗಿ ನೂರು ವರ್ಷ ಕಾಯಬೇಕಾಯಿತು.

ಹಳಿಯಾಳದ ಸಿದ್ದಿಗೂ ಇದೇ ಆಯಿತು. ಅವನನ್ನು ಕೊಂಡ ಧಣಿ ಇರಲಿಲ್ಲ, ಸಾಲ ಕೊಟ್ಟ ಧಣಿ ಇದ್ದ. ಹಿರಿಯರು ಮಾಡಿದ ಸಾಲಕ್ಕೆ ಕಿರಿಯರು ದುಡಿದರು. ಅವನು ಕಡಿದು ಹಸನು ಮಾಡಿದ ತುಂಡು ನೆಲ ಕಾಗದದಲ್ಲಿ ಅವನದಾಗಿರಲಿಲ್ಲ, ಅದು ಕಾಡು ಎಂದಿತು ಅರಣ್ಯ ಇಲಾಖೆ. ಜೀತ ಪದ್ಧತಿಯನ್ನು ರದ್ದುಪಡಿಸುವ ಕಾಯ್ದೆ ಬಂದದ್ದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಜಿಲ್ಲೆಯ ಗಡಿಯಾಚೆ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ನೆಂಟರಿಷ್ಟರಿಗೆ ಅದು ದೊರೆಯಲು 2020 ಬರಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನ ಸಭೆಯಲ್ಲಿ ಕುಳಿತ ಮೊದಲ ಸಿದ್ದಿಯಾದರು.

ಅಮೆರಿಕದ ಯುದ್ಧದ ಚರಿತ್ರೆ ಬರೆದವರು ಆಂಟಿಟಂ, ಗೆಟಿಸ್‌ಬರ್ಗ್, ಅಟ್ಲಾಂಟಾಗಳನ್ನು ತಿರುವುಗಳೆಂದು ಗುರುತಿಸುತ್ತಾರೆ. ಅದು ಸರಿಯೇ. ಆ ಕದನಗಳು ನಡೆಯದಿದ್ದರೆ 40 ಲಕ್ಷ ಜನ ಇನ್ನೆಷ್ಟು ಕಾಲ ಸಂತೆಯಲ್ಲಿ ಮಾರಾಟವಾಗುತ್ತಿದ್ದರೋ ಯಾರು ಬಲ್ಲರು? ಆದರೆ ಕದನದ ತಿರುವು ಹತ್ತಿಯ ಧಾರಣೆಯನ್ನು ಒಂದು ವಾರದಲ್ಲಿ, ಜಿಲ್ಲೆಯ ಗಡಿಯನ್ನು ಒಂದು ವರ್ಷದಲ್ಲಿ ಬದಲಿಸಿತು. ಆಳಿನ ಮನೆಯ ಮುಂದಿನ ನೆಲವನ್ನು ಬದಲಿಸಲು ಅದಕ್ಕೆ ಆಗಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಅರ್ಜಿ ಹಿಡಿದು ಕಚೇರಿಗೆ ಅಲೆಯುವ ಸಿದ್ದಿ ಕೇಳುತ್ತಿರುವುದು ನಲವತ್ತು ಎಕರೆಯನ್ನಲ್ಲ. ತಾನು ಉಳುತ್ತಿರುವಷ್ಟು ನೆಲಕ್ಕೆ ತನ್ನ ಹೆಸರಿನ ಒಂದು ಪಟ್ಟಾ ಮಾತ್ರ.